ಎಲ್ಲದಕ್ಕೂ ‘ಯಾವಾಗಲೂ’ ಎಂದ ಅಪ್ಪ

ನಾನು ದರ್ಜಿ. ನಾನು ಹೊಲಿದ ಕೋಟು ತೊಟ್ಟರೆ ಕತ್ತೆಗೂ ಜನ ಎದ್ದು ನಿಂತು ಕೈ ಮುಗಿಯುತ್ತಾರೆ. ಅಂಥ ನಾನೇ ಹೇಳುತ್ತಿದ್ದೇನೆ, ನಂಬಿ: ಪಕ್ಕದ ವೆಲ್ಡಿಂಗ್ ಅಣ್ಣ ಬಾಯಿ ತೆರೆದರೆ ಮೂರು ಬೀದಿಯ ಕಿಟಕಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅವನ ಮಗಳು ಮಾತ್ರ ತುಟಿ ಬಿಚ್ಚುವುದಿಲ್ಲ. ಏಳನೇ ತರಗತಿ. ಯಾರೊಡನೆಯೂ ಸೇರದೆ, ಕೆಣಕಿದವರ ಮೇಲೆ ಕೈ ಎತ್ತಿ, ಈಗೀಗ ಶಾಲೆಯನ್ನೇ ತಪ್ಪಿಸತೊಡಗಿದ್ದಳು.

ಅದಕ್ಕೇ ಶಾಲೆಯ ಆಪ್ತ ಸಮಾಲೋಚಕಿ ಪ್ರಶ್ನೆಗಳ ಹಾಳೆ ಹಿಡಿದು ಅಣ್ಣನ ವರ್ಕ್‌ಶಾಪಿಗೇ ಬಂದರು. ಗೆಳತಿಯರೊಡನೆ ಬೆರೆಯುತ್ತಾಳೆಯೇ? ಸಿಟ್ಟು ತಡೆದುಕೊಳ್ಳುತ್ತಾಳೆಯೇ? ಹೇಳಿದ ಮಾತು ಕೇಳುತ್ತಾಳೆಯೇ? ‘ಎಂದೂ ಇಲ್ಲ’, ‘ಕೆಲವೊಮ್ಮೆ’, ‘ಯಾವಾಗಲೂ’ – ಮನೆಯವರು ಒಂದಕ್ಕೆ ಗುರುತು ಹಾಕಬೇಕು.

ಅಣ್ಣ ಪೆನ್ನು ಕಿತ್ತುಕೊಂಡು, ರೈಲು ಬಿಟ್ಟ ಹಾಗೆ ಮೇಲಿನಿಂದ ಕೆಳಗಿನವರೆಗೆ ‘ಯಾವಾಗಲೂ’ಗೆ ಗೀಚಿದ.

“ನೋಡಿ ಮೇಡಂ, ನನ್ನ ಮಗಳು ನೂರಕ್ಕೆ ನೂರು!”

“ಇದು ಪರೀಕ್ಷೆ ಅಲ್ಲ ಅಣ್ಣ. ಪಾಸೂ ಇಲ್ಲ, ಫೇಲೂ ಇಲ್ಲ. ಎಲ್ಲಿ ಕೈ ಹಿಡೀಬೇಕು ಅಂತ ತಿಳ್ಕೊಳ್ಳೋಕೆ. ಟೀಚರ್ ಕಂಡಿದ್ದು, ಮನೇಲಿ ನೀವು ಕಂಡಿದ್ದು, ಎರಡೂ ಸೇರಿದ್ರೇ ಮಗು ಪೂರ್ತಿ ಕಾಣೋದು. ಹೀಗೆ ಹಾಕಿದ್ರೆ ಇವಳಿಗೆ ಸಹಾಯಾನೇ ಬೇಡ ಅಂದ ಹಾಗಾಗುತ್ತೆ.”

“ಬೇಡವೇ ಬೇಡ! ಬಾಯ್ಮುಚ್ಚು ಅಂದ್ರೆ ಬಾಯ್ಮುಚ್ತಾಳೆ. ಮಾತು ಕೇಳೋದು ಅಂದ್ರೆ ಅದೇ ತಾನೆ?”

ಪಕ್ಕದ ನನ್ನ ಅಂಗಡಿಯಲ್ಲಿ ನಾನು ಕತ್ತರಿ ಕೆಳಗಿಟ್ಟೆ. “ಅಣ್ಣಾ, ನಿನ್ನ ಗಂಟಲಿಗೆ ಹೆದರಿ ನನ್ನ ಹೊಲಿಗೆ ಮಿಷನ್ನೂ ನಿಂತುಹೋಗುತ್ತೆ. ಅದೂ ಮಾತು ಕೇಳ್ತು ಅಂತೀಯಾ?”

ಊಟ ತಂದಿದ್ದ ಅತ್ತಿಗೆ ಹಾಳೆ ಎತ್ತಿಕೊಂಡರು. “ಗೆಳತಿಯರ ಜೊತೆ ಬೆರೀತಾಳೆ, ಯಾವಾಗಲೂ. ಹೌದೇನ್ರೀ? ಒಬ್ಬ ಗೆಳತಿ ಹೆಸರು ಹೇಳಿ ನೋಡೋಣ.”

ಅಣ್ಣ ಎದುರಿನ ಅಂಗಡಿಗಳ ಬೋರ್ಡುಗಳನ್ನೆಲ್ಲ ಓದಿ ಒಂದು ಹೆಸರು ಹುಡುಕತೊಡಗಿದ.

“ತುಕ್ಕು ಹಿಡಿದ ಗೇಟು ಬಂದ್ರೆ ಇಂಚಿಂಚೂ ತಟ್ಟಿ ನೋಡ್ತೀರಿ. ಮಗಳಿಗೆ ಮಾತ್ರ ನೋಡ್ದೇನೇ ಬಣ್ಣ ಬಳಿದುಬಿಟ್ರಾ? ಅವಳು ಶಾಲೆ ಬಿಡೋಕೆ ನಾನು ಬಿಡಲ್ಲ. ಮೇಡಂ, ಇನ್ನೊಂದು ಹಾಳೆ ಕೊಡಿ.”

“ಊಹೆ ಬೇಡ ಅಕ್ಕ. ಈಚೆಗೆ ಕೆಲವು ವಾರಗಳಲ್ಲಿ ಕಣ್ಣಾರೆ ಕಂಡಿದ್ದನ್ನಷ್ಟೇ ಹಾಕಿ,” ಎಂದರು ಮೇಡಂ.

ಸಾಲಿಗೊಂದು ಜಗಳವಾಡಿ ಗಂಡ ಹೆಂಡತಿ ತುಂಬಿದರು. ಗೆಳತಿಯರ ಪ್ರಶ್ನೆ ಬಂದಾಗ ಅಣ್ಣ ತಾನೇ ‘ಎಂದೂ ಇಲ್ಲ’ಕ್ಕೆ ಗುರುತು ಹಾಕಿದ.

ಹುಡುಗಿ ಈಗ ಮೇಡಂ ನಡೆಸುವ ಪುಟ್ಟ ಗುಂಪಿನಲ್ಲಿ ಮಾತು, ಸಿಟ್ಟು, ಸ್ನೇಹ ಎಲ್ಲವನ್ನೂ ನಿಭಾಯಿಸಲು ಕಲಿಯುತ್ತಿದ್ದಾಳೆ. ಮೊನ್ನೆ ಅಣ್ಣ ಪದಕ ಗೆದ್ದವನಂತೆ ಓಡಿಬಂದ.

“ಲೋ ದರ್ಜಿ! ಮಗಳು ನನಗೇ ‘ಅಪ್ಪಾ, ನನ್ನ ಮಾತು ಮುಗೀಲಿ’ ಅಂದ್ಲು ಕಣೋ!”

“ನೀನೇನ್ ಮಾಡ್ದೆ?”

“ಮುಗಿಯೋವರೆಗೂ ಕೇಳ್ದೆ.”

ಅಪ್ಪಂದಿರೇ, ಅಮ್ಮಂದಿರೇ, ಶಾಲೆಯಿಂದ ಇಂಥ ಹಾಳೆ ಬಂದರೆ ಹೊಗಳಿಕೆಯನ್ನೂ ತುಂಬಬೇಡಿ, ಬೈಗುಳವನ್ನೂ ತುಂಬಬೇಡಿ. ಇಬ್ಬರೂ ಕೂತು ಕಂಡದ್ದನ್ನು ಕಂಡ ಹಾಗೆ ಹೇಳಿ, ತಿಳಿಯದಿದ್ದರೆ ಶಾಲೆಯವರನ್ನೇ ಕೇಳಿ. ಒಂದಕ್ಕೆ ಹತ್ತು ಸೇರಿಸುವುದು ನನ್ನಂಥವರ ಕಸುಬು. ಅದನ್ನು ನನಗೇ ಬಿಡಿ.