ಹಿಂದಿನ ಕೋಣೆಯ ಪರದೆ

ಚೀಲ ತುಂಬುತ್ತಿದೆ, ತೊಟ್ಟಿಲಿನಂತೆ ತೂಗುವ ತಟ್ಟೆಯ ಮೇಲೆ ಅತ್ತ ಇತ್ತ, ಲಾರಿ ಚಾಲಕನ ದಪ್ಪ ತೋಳಿನಿಂದ ಕೊಳವೆಗುಂಟ ಇಳಿಯುವ ಈ ಕೆಂಪನ್ನು ಹನ್ನೊಂದು ವರ್ಷದಿಂದ ಅವಳು ನೋಡುತ್ತಿದ್ದಾಳೆ, ಆದರೆ ಈಚೆಗೆ ಅದನ್ನು ಕಂಡರೆ ನೆನಪಾಗುವವನು ಒಬ್ಬನೇ, ಅವಧಿ ಮುಗಿದ ಚೀಲಗಳಿದ್ರೆ ಕೊಡ್ತೀರಾ ಅಂತ ಒಂದು ಸಂಜೆ ಇದೇ ರಕ್ತನಿಧಿಯ ಕಿಟಕಿಯಲ್ಲಿ ತಲೆ ತಗ್ಗಿಸಿ ಕೇಳಿದವನು, ಹಸಿದು ಕಂಗೆಟ್ಟಿದ್ದರೂ ಅವಳ ಕುತ್ತಿಗೆಯತ್ತ ಕಣ್ಣೆತ್ತದವನು — ಇನ್ನೂರು ವರ್ಷ ಬದುಕಿ ಕಲಿತದ್ದು ನಾಚಿಕೆಯೊಂದನ್ನೇ ಏನೋ — ನನ್ನನ್ನೂ ನಿನ್ನ ಹಾಗೆ ಮಾಡು ಅಂತ ಅವಳು ಅಂದರೆ, ಬೇಡ, ನೀನು ಬಿಸಿಲಲ್ಲಿ ಬಟ್ಟೆ ಒಣಗಿಸೋದನ್ನ ನಾನು ಕನಸಲ್ಲಿ ನೋಡ್ತೀನಿ, ಅದನ್ನ ಕಿತ್ಕೋಬೇಡ ಅಂದವನು. ಕಿವಿಯಲ್ಲಿ ಫೋನು ಗುಂಯ್‌ಗುಟ್ಟಿತು, ಅಕ್ಕ, ನಿನ್ನೆ ಇವಳ ಮನೆಗೆ ಬಂದಿಳಿದವಳು, ಬಂದಾಗಿನಿಂದ ಪೊರಕೆ ಕೆಳಗಿಟ್ಟಿಲ್ಲ. ಪುಟ್ಟಿ, ಹಿಂದಿನ ಕೋಣೇಲಿ ಮಾಲೀಕರ ಸಾಮಾನಿದೆ ಅಂದ್ಯಲ್ಲ, ಅವರೇ ಮೆಟ್ಟಿಲಲ್ಲಿ ಸಿಕ್ಕಿದ್ರು, ನಮ್ದೇನೂ ಇಲ್ಲಮ್ಮ ಅಂದ್ರು, ಬೀಗ ಹಾಕ್ಕೊಂಡು ಇಲಿ ಸಾಕ್ತಿದೀಯೇನೇ, ಬೀಗದವನು ಬಂದಿದಾನೆ. ಕೈಯಲ್ಲಿ ಸೂಜಿ, ಸೂಜಿಯ ತುದಿ ಚಾಲಕನ ನರದಲ್ಲಿ, ಮನೆಗೆ ಮುಕ್ಕಾಲು ಗಂಟೆಯ ದಾರಿ, ಹೊರಗೆ ಕಣ್ಣು ಕುಕ್ಕುವ ಹನ್ನೊಂದರ ಬಿಸಿಲು, ಆ ಕೋಣೆಯಲ್ಲಿ ಮಲಗಿರುವವನು ಹಗಲಲ್ಲಿ ಕಿವಿಯ ಬುಡದಲ್ಲಿ ಗುಂಡು ಹಾರಿಸಿದರೂ ಏಳುವವನಲ್ಲ — ಉಗುಳಲಾರದ ನುಂಗಲಾರದ ಸತ್ಯವನ್ನು ಉಗುಳಿಯೇ ಬಿಟ್ಟಳು, ಅಕ್ಕಾ, ಒಳಗೆ ಒಬ್ರು ಮಲಗಿದಾರೆ, ಬಿಸಿಲು ತಾಗಿದ್ರೆ ಸತ್ತುಹೋಗ್ತಾರೆ. ಚಾಲಕ ಕತ್ತು ಹೊರಳಿಸಿ ಅವಳನ್ನೇ ನೋಡಿದ. ಆ ಕಡೆ ಅಕ್ಕನ ತಣ್ಣಗಿನ ದನಿ, ಅಮ್ಮ ಸತ್ತ ಮೇಲೆ ಜಡೆ ಹೆಣೆದು ಹೆಣೆದು ದೊಡ್ಡವಳನ್ನಾಗಿ ಮಾಡಿದ ದನಿ, ಓ, ಹಾಗೋ ಸಮಾಚಾರ, ಹಾಗಾದ್ರೆ ಮುಖ ನೋಡ್ಲೇಬೇಕು. ಬೀಗ ಕಳಚಿದ ಸದ್ದು. ಬೆಳಿಗ್ಗೆ ತಡವಾಗಿತ್ತು, ಅವನು ನಿದ್ದೆಗೆ ಜಾರುವ ತನಕ ಎಂದಿನಂತೆ ಕೈ ಹಿಡಿದು ಕೂತವಳು ಇವತ್ತು ಆ ಕೈಯನ್ನು ಹೊದಿಕೆಯೊಳಗೆ ಸೇರಿಸದೆ ಓಡಿ ಬಂದಿದ್ದಾಳೆ, ಮಂಚದ ಅಂಚಿನಲ್ಲಿ ಕೈ, ಅಂಗೈ ಮೇಲಾಗಿ, ಬೆರಳು ಅರೆ ಮಡಚಿ — ಅಕ್ಕ, ಪರದೆ ಮುಟ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ — ಅಯ್ಯೋ, ಎಷ್ಟು ಎಳೇ ಮುಖ ಕಣೇ, ಅಕ್ಕನ ದನಿ ಮೆತ್ತಗಾಗಿದೆ, ಇಂಥವನನ್ನ ಬಚ್ಚಿಡೋದ್ಯಾಕೆ, ನನಗೆ ಹೇಳಿದ್ರೆ ಬೇಡ ಅಂತಿದ್ನಾ, ಮೈ ಮಂಜುಗಡ್ಡೆ ಆಗಿದೆಯಲ್ಲೇ, ಒಂಚೂರು ಬಿಸಿಲು ಬೀಳ್ಲಿ — ಸರಿಗೆಯ ಮೇಲೆ ಪರದೆಯ ಬಳೆಗಳು ಸರ್ರನೆ ಸರಿದವು. ತಟ್ಟೆ ತೂಗುತ್ತಿದೆ, ಚೀಲ ತುಂಬಿತು ಅಂತ ಯಂತ್ರ ಕೂಗುತ್ತಿದೆ, ಸಿಸ್ಟರ್ ಆಯ್ತಾ ಅಂತ ಚಾಲಕ, ಅಕ್ಕ ಉಸಿರೆಳೆದದ್ದು ಕೇಳಿತು, ಆಮೇಲೆ ಪುಟ್ಟೀ ಅಂತ, ಸಣ್ಣ ಮಗುವಿನ ಹಾಗೆ, ಪುಟ್ಟೀ, ಇವನ ಕೈ ಬೂದಿ ಆಗ್ತಿದೆ ಕಣೇ, ಹಿಡಿಯೋಕೆ ಹೋದ್ರೆ — ಕೈ, ಹೊದಿಕೆಯ ಹೊರಗೆ, ಅಂಗೈ ಮೇಲಾಗಿ, ಬೆರಳು ಅರೆ ಮಡಚಿ, ಕೈ