ಸಾಯೊ ಯಾಕೆ ಬಾಗಿಲು ತೆಗೆಯಲಿಲ್ಲ

ನಾನು ಬರೆದದ್ದನ್ನು ಅಪ್ಪ ಒಂದು ಸಾಲೂ ಬಿಡದೆ ಓದತೊಡಗಿದ್ದು ನಾನು ಮೊಬೈಲ್ ಆಟಕ್ಕೆ ಕಥೆ ಬರೆಯಲು ಹೋದಮೇಲೆ. ಅದಕ್ಕೆ ಮುಂಚೆ ಎರಡು ಸಣ್ಣ ಪುಸ್ತಕ ಬರೆದಿದ್ದೆ. ಅವು ಸಕಾಯ್ ಊರಿನ ಅವನ ಕ್ಷೌರದಂಗಡಿಯಲ್ಲಿ ಗಿರಾಕಿಗಳು ಕೂರುವ ಬೆಂಚಿನ ಮೇಲೆ, ಬೇಸ್‌ಬಾಲ್ ಪತ್ರಿಕೆಗಳ ಅಡಿಗೆ ಬಿದ್ದಿದ್ದವು.

ಇದು ಎರಡು ಸಾವಿರದ ಐದನೇ ಇಸವಿಯ ಮಾತು. ಒಸಾಕಾದ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ‘ಏಳು ಸೇತುವೆಗಳ ನಾಡು’ ಅಂತ ಟಿವಿಗೆ ಹಚ್ಚಿ ಆಡುವ ಆಟ ಆಗಲೇ ನಾಲ್ಕು ಭಾಗ ಬಂದಿತ್ತು. ನಮ್ಮ ವಯಸ್ಸಿನವರೆಲ್ಲ ಅದನ್ನು ಆಡಿಯೇ ದೊಡ್ಡವರಾದದ್ದು. ಅದರ ಕಥೆ ಶುರುವಾಗುವುದಕ್ಕೆ ಇಪ್ಪತ್ತು ವರ್ಷ ಹಿಂದೆ ಏನಾಯಿತು ಎಂಬುದನ್ನು ಮಡಚುವ ಮೊಬೈಲಿನಲ್ಲಿ ಆಡುವಂತೆ ತಿಂಗಳಿಗೊಂದು ಅಧ್ಯಾಯದ ಲೆಕ್ಕದಲ್ಲಿ ಹತ್ತು ಅಧ್ಯಾಯ ಮಾಡಿಕೊಡಬೇಕಿತ್ತು. ಬರೆಯುವವಳು ನಾನು. ನೋಡಿ ಒಪ್ಪುವವರು ನಿರ್ದೇಶಕ ಎಬಿಸಾವಾ ಸಾನ್.

ಕೊನೆ ಏನೆಂದು ಮೊದಲೇ ಗೊತ್ತಿತ್ತು. ಮೊದಲ ಆಟದಲ್ಲಿ ಒಬ್ಬ ಮುದುಕ ಹೇಳುತ್ತಾನೆ: ‘ಊರು ಹೊತ್ತಿ ಉರಿದ ದಿನ ಜನ ಆಸ್ಪತ್ರೆಯ ಬಾಗಿಲು ಬಡಿದರು. ಸಾಯೊ ತೆಗೆಯಲಿಲ್ಲ.’ ಆ ಸಾಯೊ ಎಂಬ ವೈದ್ಯೆಯೇ ಮುಂದೆ ಬೂದಿರಾಣಿಯಾಗಿ ಏಳು ಸೇತುವೆಗಳನ್ನೂ ಸುಡುತ್ತಾಳೆ. ಆಡುವ ಪ್ರತಿಯೊಬ್ಬನಿಗೂ ಇದು ಬಾಯಿಪಾಠ.

ಅಪ್ಪನೊಬ್ಬನಿಗೆ ಗೊತ್ತಿರಲಿಲ್ಲ. ಅರವತ್ತಮೂರು ವರ್ಷದ ಅವನು ಅದುವರೆಗೆ ಯಾವ ಆಟವನ್ನೂ ಮುಟ್ಟಿದವನಲ್ಲ. ಮಗಳು ಬರೆದದ್ದು ಅಂಗೈ ಮೇಲೆ ಬರುತ್ತದಂತೆ ಅಂತ ಗಿರಾಕಿಯೊಬ್ಬನ ಕೈಯಲ್ಲಿ ಮೊಬೈಲಿಗೆ ಹಾಕಿಸಿಕೊಂಡಿದ್ದ. ಮೂರನೇ ಅಧ್ಯಾಯ ಬಂದ ವಾರ ಫೋನ್ ಮಾಡಿದ.

“ಮಿನೊರಿ, ಈ ಸಾಯೊ ಹುಡುಗಿ ತುಂಬಾ ಚೆನ್ನಾಗಿದಾಳೆ ಕಣೇ. ಆ ಮುದುಕಿ ಕಾಲಿನ ಗಾಯ ತೊಳೆದಳಲ್ಲ, ನಂಗೆ ನಿಮ್ಮಜ್ಜಿ ನೆನಪಾದಳು.”

“ಹೂಂ,” ಅಂದೆ.

“ಆದ್ರೆ ಒಂದು ಅರ್ಥ ಆಗ್ಲಿಲ್ಲ. ಆಟದೊಳಗೆ ಆಡ್ತಿರೋ ಬೇರೆಯವರ ಸಹಾಯ ಕೇಳಬಹುದಲ್ಲ? ನಾನು ಸಾಯೊಗೆ ಔಷಧಿ ಬೇಕು ಅಂತ ಕೇಳಿದೆ. ಯಾವನೋ ಒಬ್ಬ ‘ಅವಳನ್ನ ಬದುಕಿಸಿ ಏನ್ ಮಾಡ್ತೀರಾ ಅಜ್ಜ’ ಅಂತ ಬರೆದಿದಾನೆ. ಇನ್ನೊಬ್ಬಳು ಅಳೋ ಮುಖ ಕಳಿಸಿದಾಳೆ. ಇವರಿಗೆಲ್ಲ ಏನಾಗಿದೆ?”

ಹೇಳಿದರೆ ಅವನ ಆಟ ಕೆಡುತ್ತದೆ, ಹೇಳದಿದ್ದರೆ ಮೋಸವೇನೋ. “ಮುಂದೆ ಆಡು, ಗೊತ್ತಾಗತ್ತೆ,” ಅಂದು ಇಟ್ಟುಬಿಟ್ಟೆ.

ಐದು ತಿಂಗಳು ಹೀಗೇ ನಡೆಯಿತು. ಎಂಟನೇ ಅಧ್ಯಾಯ ಬಂದಮೇಲೆ ತಾತಾಮಿ ಚಾಪೆ ಹೊಲಿಯುವ ಹೊಂಜೊ ಗಡ್ಡ ಕೆರೆಸಿಕೊಳ್ಳಲು ಬಂದವನು ಬಾಯಿ ಬಿಟ್ಟನಂತೆ. “ಯಜಮಾನ್ರೇ, ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ಅವಳೇ ಬೂದಿರಾಣಿ. ಬಾಗಿಲು ಹಾಕ್ಕೊಂಡು ಊರನ್ನೇ ಸಾಯಿಸ್ತಾಳೆ.” ಅಪ್ಪ ಕತ್ತಿಯನ್ನು ಅವನ ಗಲ್ಲದಿಂದ ಎತ್ತಿ ಹಿಡಿದು ನಿಂತುಬಿಟ್ಟ. ಕೊನೆಗೆ ಹೊಂಜೊನೇ, “ಅರ್ಧ ಗಡ್ಡದಲ್ಲಿ ಮನೆಗೆ ಕಳಿಸ್ಬೇಡಿ, ಹೆಂಡ್ತಿ ಒಳಗೆ ಸೇರ್ಸಲ್ಲ,” ಅನ್ನಬೇಕಾಯಿತಂತೆ.

ಸೋಮವಾರ ಅಂಗಡಿಗೆ ರಜೆ. ಅಪ್ಪ ರೈಲು ಹಿಡಿದು ನಮ್ಮ ಕಚೇರಿಯ ಕೆಳಗಿನ ಊದೊನ್ ಶಾವಿಗೆ ಅಂಗಡಿಗೇ ಬಂದು ಕೂತ. ಶಾವಿಗೆ ಮುಂದಿಟ್ಟುಕೊಂಡು, ತಿನ್ನದೆ, ಕೇಳಿದ.

“ಹೊಂಜೊ ಹೇಳಿದ್ದು ನಿಜವಾ?”

“ನಿಜ.”

“ಹಾಗಾದ್ರೆ ನೀನು ಎಲ್ಲೋ ತಪ್ಪು ಬರೆದಿದೀಯ. ಎಂಟೂ ಅಧ್ಯಾಯ ಎರಡೆರಡು ಸಲ ಆಡಿದೀನಿ. ಈ ಹುಡುಗಿ ಹಾಗೆ ಮಾಡೋಳಲ್ಲ.”

“ಮಾಡ್ತಾಳೆ ಅಂತ ಮೊದಲನೇ ಆಟದಲ್ಲೇ ಇದೆಯಲ್ಲಪ್ಪ.”

“ಅದನ್ನ ನಾನು ಆಡಿಲ್ಲ. ನೀನು ಬರೆದಿರೋದರಲ್ಲಿ ಎಲ್ಲಿದೆ ತೋರ್ಸು.”

ಮೇಲೆ ಹೋಗಿ ಎಂಟೂ ಅಧ್ಯಾಯ ಮುದ್ರಿಸಿ ಓದಿದೆ. ಎಲ್ಲೂ ಇರಲಿಲ್ಲ. ಎಲ್ಲರಿಗೂ ಗೊತ್ತಿದೆಯಲ್ಲ ಎಂಬ ಧೈರ್ಯದಲ್ಲಿ ನಾನು ಕಾರಣವನ್ನೇ ಬರೆದಿರಲಿಲ್ಲ. ಅವಳು ಕಿಟಕಿಯತ್ತ ನೋಡಿದಳು ಅಂತ ಬರೆದರೆ ಸಾಕು, ಆಡುವವರು ತಮಗೆ ತಿಳಿದ ಬೂದಿರಾಣಿಯನ್ನು ಅಲ್ಲಿ ಕಂಡು ನಡುಗುತ್ತಿದ್ದರು. ಏನೂ ತಿಳಿಯದ ಅಪ್ಪನಿಗೆ ಅವಳು ಬರೀ ಕಿಟಕಿ ನೋಡುತ್ತಿದ್ದಳು.

ಎಬಿಸಾವಾ ಸಾನ್ ಹತ್ತಿರ ಹೋಗಿ, ಕೊನೆಯನ್ನು ಬದಲಾಯಿಸಬಹುದಾ ಅಂತ ಕೇಳಿದೆ. ಅವರು ನನ್ನನ್ನು ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದರು.

“ಕುರಮೊಚಿ, ಮೊದಲ ಆಟ ಬಂದು ಹನ್ನೊಂದು ವರ್ಷ ಆಯ್ತು. ಈಗ ಅವಳು ಬಾಗಿಲು ತೆಗೆದ್ರೆ ಆ ನಾಲ್ಕು ಆಟ ನಡೆಯೋದೇ ಇಲ್ಲ. ಒಂದು ಕಾರಣ ಬರಿ. ಯಾರೋ ಅವಳ ತಮ್ಮನ್ನ ಕೊಂದ್ರು ಅನ್ನು.”

“ಅವಳಿಗೆ ತಮ್ಮ ಇಲ್ಲ.”

“ಹುಟ್ಟಿಸು.”

ತಮ್ಮನನ್ನು ಹುಟ್ಟಿಸಿದೆ, ಕೊಲ್ಲಿಸಿದೆ, ಹರಿದುಹಾಕಿದೆ. ಹಣದಾಸೆ, ಶಾಪ, ಹುಚ್ಚು, ಎಲ್ಲ ಬರೆದು ನೋಡಿದೆ. ಪ್ರತಿ ಸಲವೂ ಅವಳು ಬೇರೆ ಯಾರೋ ಆಗಿಬಿಡುತ್ತಿದ್ದಳು. ಕೊನೆಗೆ ಇನ್ನೊಂದು ಸೋಮವಾರ ಸಕಾಯ್‌ಗೆ ಹೋದೆ. ಅಪ್ಪ ಅಂಗಡಿಯ ಹಿಂದೆ ಟವೆಲ್ ಒಣಹಾಕುತ್ತಿದ್ದ.

“ಒಳ್ಳೆಯವರು ಬಾಗಿಲು ತೆಗೆಯದೇ ಇರೋದು ಯಾವಾಗಪ್ಪ?”

ಅಪ್ಪ ಇನ್ನೆರಡು ಟವೆಲ್ ಹಾಕಿದ.

“ನೊಝಾಕಿ ನೆನಪಿದಾನಾ ನಿಂಗೆ?”

ನೆನಪಿದ್ದ. ಅಪ್ಪನ ಹತ್ತಿರ ಆರು ವರ್ಷ ಕೆಲಸ ಕಲಿತು, ಒಂದು ಬೆಳಿಗ್ಗೆ ಹೇಳದೆ ಕೇಳದೆ ಬೇರೆ ಅಂಗಡಿ ಸೇರಿದವನು. ಆಗ ನಾನಿನ್ನೂ ಶಾಲೆಯಲ್ಲಿದ್ದೆ.

“ಎರಡು ವರ್ಷ ಆದ್ಮೇಲೆ ಅವನು ಬಂದಿದ್ದ. ಮಧ್ಯಾಹ್ನ, ಬಾಗಿಲು ಹಾಕಿ ಪರದೆ ಎಳೆದಿದ್ದೆ. ‘ಗುರುಗಳೇ, ನಾನು ನೊಝಾಕಿ, ತಪ್ಪಾಯ್ತು’ ಅಂದ. ನಂಗೆ ಕೋಪ ಇರಲಿಲ್ಲ, ಹೋಗಿಬಿಟ್ಟಿತ್ತು. ತೆಗೀಬೇಕು ಅಂತಾನೇ ಅಂದ್ಕೊಂಡೆ. ಕೈಯಲ್ಲಿ ಕತ್ತರಿ ಇತ್ತು, ಒರೆಸ್ತಾ ಇದ್ದೆ. ಇದೊಂದು ಒರೆಸಿ ಏಳೋಣ ಅಂದ್ಕೊಂಡೆ. ಆಮೇಲೆ ಇನ್ನೊಂದು ತಗೊಂಡೆ. ಅವನು ಎಷ್ಟೋ ಹೊತ್ತು ನಿಂತಿದ್ದ.”

“ಯಾಕಪ್ಪ?”

“ಅದೇ ನಂಗೂ ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ಕೇಳ್ಕೋತಾ ಇದೀನಿ. ಕಾರಣ ಸಿಕ್ಕಿದ್ರೆ ಅವನಿಗೊಂದು ಕಾಗದನಾದ್ರೂ ಬರೀತಿದ್ದೆ.”

ಅದನ್ನೇ ಬರೆಯಲಾ ಅಂತ ಕೇಳಿದೆ. ಅಪ್ಪ ಟವೆಲ್‌ನ ಮೂಲೆ ಸರಿಮಾಡುತ್ತಾ, “ಬರೆದ್ರೆ ನಿಂಗಾದ್ರೂ ಗೊತ್ತಾಗುತ್ತೇನೋ ನೋಡು,” ಅಂದ.

ಹತ್ತನೇ ಅಧ್ಯಾಯದಲ್ಲಿ ಸಾಯೊ ಗಾಯದ ಪಟ್ಟಿಗಳನ್ನು ಒಗೆಯುತ್ತಿದ್ದಾಳೆ. ಬಾಗಿಲು ಬಡಿಯುವ ಸದ್ದು ಕೇಳುತ್ತದೆ. ಇದೊಂದು ಹಿಂಡಿ ಏಳುತ್ತೇನೆ ಅಂದುಕೊಳ್ಳುತ್ತಾಳೆ. ಆಡುವವರು ಗುಂಡಿ ಒತ್ತಿದಷ್ಟೂ ಅವಳು ಇನ್ನೊಂದು ಪಟ್ಟಿ ಎತ್ತಿಕೊಳ್ಳುತ್ತಾಳೆ. ಸದ್ದು ನಿಲ್ಲುತ್ತದೆ. ಕಾರಣ ಕೊಡಲಿಲ್ಲ. ಎಬಿಸಾವಾ ಸಾನ್ ಎರಡು ಸಲ ಓದಿ, “ನಂಗೆ ಇದು ಇಷ್ಟ ಆಯ್ತೋ ಇಲ್ವೋ ತಿಳೀತಿಲ್ಲ,” ಅಂದು ಸಹಿ ಹಾಕಿದರು.

ಪತ್ರ ಬರೆದವರಲ್ಲಿ ಅರ್ಧ ಜನ ಬೈದಿದ್ದರು; ಮೊಬೈಲ್ ಕೆಟ್ಟಿದೆ ಅಂದುಕೊಂಡವರೂ ಇದ್ದರು. ಕೆಲವರು ಕೊನೆಗೂ ಅವಳು ಅರ್ಥವಾದಳು ಅಂತ ಬರೆದಿದ್ದರು. ಅವರಿಗೆ ಏನು ಅರ್ಥವಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪನೂ ಆಡಿ ಮುಗಿಸಿದ. ಆಮೇಲೆ, “ಮುಂಚಿಗಿಂತ ಕಮ್ಮಿ ಅರ್ಥ ಆಯ್ತು. ಆದ್ರೆ ಅವಳೇ ಅದು, ಬೇರೆ ಯಾರೂ ಅಲ್ಲ,” ಅಂದ. ಮುಂದೇನಾಗುತ್ತದೆ ನೋಡಬೇಕೆಂದು ಹೊಂಜೊನಿಂದ ಟಿವಿಗೆ ಹಚ್ಚುವ ಹಳೆಯ ಯಂತ್ರವನ್ನೂ ಮೊದಲ ಆಟವನ್ನೂ ಕಡ ತಂದ. ಆಡಿ ಮುಗಿಸಲು ಬೇಸಿಗೆಯೆಲ್ಲ ಬೇಕಾಯಿತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕಚೇರಿಗೇ ಫೋನ್ ಬಂತು.

“ಬೂದಿರಾಣಿನ ಸೋಲಿಸಿದೆ ಕಣೇ. ಮೂರನೇ ಸಲಕ್ಕೆ.”

“ಹೌದಾ? ಒಳ್ಳೇದಾಯ್ತಲ್ಲ.”

“ಟಿವಿಯಲ್ಲಿ ಎಲ್ಲರೂ ಕುಣೀತಾ ಇದಾರೆ. ನಾನೂ ಖುಷಿ ಪಡಬೇಕಾ?”

ಎಬಿಸಾವಾ ಸಾನ್ ನನ್ನ ಮುಖ ನೋಡುತ್ತಾ ಕೂತಿದ್ದರು. ನಾನು ಯೋಚಿಸಿ, ಗೊತ್ತಿಲ್ಲಪ್ಪ ಅಂದೆ.

“ಸರಿ ಬಿಡು,” ಅಂದ ಅಪ್ಪ. “ಗಿರಾಕಿ ಬಂದ.”