ಖಾರದಕ್ಕನ ನಾಲಿಗೆ

"ನಿಮ್ಮತ್ತೆ ಆ ಖಾರಾನ ತಾನು ಯಾವತ್ತೂ ತಿಂದೋಳಲ್ಲ ಕಣಮ್ಮ," ಅಂದ ಎದುರಿನ ಕಟಿಂಗ್ ಶಾಪಿನವನು, ಬೀದಿಗೆಲ್ಲ ಮಾವ.

ಟೀ ಲೋಟಗಳ ತಟ್ಟೆ ಹಿಡಿದಿದ್ದ ಸೊಸೆ ಅಲ್ಲೇ ನಿಂತುಬಿಟ್ಟಳು. ಅತ್ತೆಯನ್ನು ಮಣ್ಣು ಮಾಡಿ ಬಂದವರ ಚಪ್ಪಲಿಯ ಕೆಸರು ಇನ್ನೂ ಒಣಗಿರಲಿಲ್ಲ. ಬೀದಿಯವರ ಬಾಯಲ್ಲಿ ಅತ್ತೆ ಖಾರದಕ್ಕ. ಸಾಸಿವೆ, ವಿನೆಗರ್, ಒಣಮೆಣಸಿನಕಾಯಿ ಅರೆದು ಬಾಟಲಿಗೆ ತುಂಬುತ್ತಿದ್ದ ಅವಳ ಹಳದಿ ಖಾರವಿಲ್ಲದೆ ಇಲ್ಲಿ ಯಾರೂ ಬ್ರೆಡ್ಡು ಮುಟ್ಟುತ್ತಿರಲಿಲ್ಲ. ಬೆಳಗ್ಗಿನಿಂದ ಬಂದವರೆಲ್ಲ ಅತ್ತು, ಮೂಗೊರೆಸಿಕೊಂಡು, ಆಮೇಲೆ ದನಿ ತಗ್ಗಿಸಿ ಒಂದೆರಡು ಬಾಟಲಿ ಉಳಿದಿದೆಯಾ ಎಂದು ವಿಚಾರಿಸಿದ್ದರು. ಅಂಚೆಯಣ್ಣನಂತೂ ಹೆಣದ ಮುಂದೆಯೇ ಕೇಳಿ ಹೆಂಡತಿಯಿಂದ ತಿವಿಸಿಕೊಂಡಿದ್ದ.

ಉಳಿದಿರಲಿಲ್ಲ. ಹಿಂದಿನ ಕೋಣೆಯ ಡ್ರಮ್ಮಿನಲ್ಲಿ ಅತ್ತೆ ಕೊನೆಯದಾಗಿ ನೆನೆಹಾಕಿದ ಸಾಸಿವೆ ಮಾತ್ರ ಇತ್ತು. ನಾಳೆ ಅರೆಯದಿದ್ದರೆ ಹಾಳು. ಅದನ್ನು ಚೆಲ್ಲಿ ಅಂಗಡಿಗೆ ಬೀಗ ಹಾಕೋಣ ಎಂದು ಸೊಸೆ ಗಂಡನಿಗೆ ಹೇಳಿಯೂ ಆಗಿತ್ತು. ಅರೆಯುವುದು, ಕಲಸುವುದು, ತುಂಬುವುದು ಎಲ್ಲ ಅವಳಿಗೆ ಗೊತ್ತು, ಹದವೊಂದು ಬಿಟ್ಟು. ಮದುವೆಯಾದಾಗಿನಿಂದ ಕದ್ದು ಕದ್ದು ಚಮಚ ನೆಕ್ಕಿ ಬಾಯಿ ಸುಟ್ಟುಕೊಂಡಿದ್ದಳು. ನಿನಗಿನ್ನೂ ನಾಲಿಗೆ ಬಂದಿಲ್ಲ ಎಂದು ಅತ್ತೆ ಪ್ರತಿಸಲ ಅದು ಹೇಗೋ ಪ್ರತ್ಯಕ್ಷಳಾಗಿ ಗಂಭೀರವಾಗಿ ತಲೆಯಾಡಿಸುತ್ತಿದ್ದಳು.

"ತಿನ್ನದೆ ಹದ ಹೇಗೆ ನೋಡ್ತಿದ್ರು ಮಾವ?"

"ನನ್ನನ್ನ ನೋಡ್ತಿದ್ಲು."

*

ಅಂಗಡಿ ಶುರುವಾದ ಹೊಸತು. ಖಾರದಕ್ಕ ಬೆರಳ ತುದಿಯಷ್ಟು ನೆಕ್ಕಿದ್ದೇ ತಡ, ಮುಖ ಊದಿ ಕುಂಬಳಕಾಯಿ, ಮೈತುಂಬ ದದ್ದು. ಸಾಸಿವೆ ನಿಮ್ಮ ಮೈಗೆ ಆಗೋದಿಲ್ಲ ಎಂದರು ಡಾಕ್ಟರು. ಬೇರೆ ಯಾರೇ ಆಗಿದ್ದರೂ ಡ್ರಮ್ಮು ಮಾರಿಬಿಡುತ್ತಿದ್ದರು. ಇವಳು ಬೀದಿ ದಾಟಿದಳು. ಗಿರಾಕಿಯ ಕೂದಲಿಗಿಂತ ಬೀದಿಯ ಸುದ್ದಿಯನ್ನೇ ಹೆಚ್ಚು ಕತ್ತರಿಸುತ್ತಿದ್ದ ಮಾವನ ಕೈಗೆ ಖಾರ ಸವರಿದ ಬ್ರೆಡ್ಡು ಕೊಟ್ಟಳು.

"ತಿನ್ನು. ಮಾತಾಡ್ತಾ ಇರು."

ತಿಂದೂ ಅವನು ಮಾತಾಡುತ್ತಲೇ ಇದ್ದರೆ ಖಾರ ಸಪ್ಪೆ. ಮಾತು ನಿಂತೇ ಹೋದರೆ ವಿಪರೀತ. ನಡುವೆ ತಡವರಿಸಿ, ಕಣ್ಣು ಮಿಟುಕಿಸಿ, ಎಲ್ಲಿದ್ದೆ ಎಂದು ಹುಡುಕಾಡಿ ಮತ್ತೆ ಶುರುಮಾಡಿದರೆ, ಅದು ಹದ. ಗಿರಾಕಿಗಳ ನಂಬಿಕೆ ಹೋದೀತೆಂದು ಇಬ್ಬರೂ ತುಟಿ ಬಿಚ್ಚಲಿಲ್ಲ. ಬೀದಿಯ ಗುಟ್ಟನ್ನೆಲ್ಲ ರಟ್ಟು ಮಾಡಿದ ಬಾಯಿ ಇದೊಂದನ್ನು ಹೇಗೋ ಕಾಪಾಡಿತು.

*

ಸೊಸೆಗೆ ಮೊದಲು ಬಂದದ್ದು ಸಿಟ್ಟು. "ನನಗಾದ್ರೂ ಹೇಳಬಹುದಿತ್ತಲ್ಲ."

"ಹೇಳ್ಬೇಕು ಅಂತಾನೇ ಇದ್ಲು. ನೀನು ಚಮಚ ನೆಕ್ಕಿ ಕುಣಿಯೋದನ್ನ ಬಾಗಿಲ ಸಂದಿಯಿಂದ ನೋಡೋದು ಅವಳಿಗೆ ತುಂಬಾ ಇಷ್ಟ. ಇದೊಂದು ಸಲ ನೋಡಿ ಆಮೇಲೆ ಹೇಳ್ತೀನಿ ಅಂತ ಮುಂದಕ್ಕೆ ಹಾಕ್ತಾನೇ ಹೋದ್ಲು."

ಸೊಸೆ ತಟ್ಟೆ ಕೆಳಗಿಟ್ಟು ಬಾಯಿ ಮುಚ್ಚಿಕೊಂಡಳು. ನಗು ಬೆರಳ ಸಂದಿಯಿಂದ ಸೋರಿತು. ಸಾವಿನ ಮನೆಯಲ್ಲಿ ಇದೇನಿದು ಎಂದು ಅಂಚೆಯಣ್ಣನ ಹೆಂಡತಿ ಕಣ್ಣು ಕೆಕ್ಕರಿಸಿದಳು. ವಿಷಯ ತಿಳಿದ ಮೇಲೆ ಅವಳೇ ಗೋಡೆ ಹಿಡಿದುಕೊಂಡು ನಕ್ಕಳು. ತನ್ನ ನಾಲಿಗೆಯೂ ಬಿಡುವಾಗಿಯೇ ಇದೆ ಎಂದು ಅಂಚೆಯಣ್ಣ ಅರ್ಜಿ ಹಾಕಿದ.

"ನನ್ನ ಕೈಲಾಗುತ್ತಾ ಮಾವ?"

"ಕೈ ನಿಂದು, ಬಾಯಿ ನಂದು. ಶಾಪ್ ತೆಗೆಯೋಕೆ ಮುಂಚೆ ಬರ್ತೀನಿ. ನನ್ನ ಮಾತು ನಿಂತೇ ಹೋದ್ರೆ ಗಾಬರಿ ಬೀಳ್ಬೇಡ, ನೀರು ಕೊಡು."

ಅವಳು ಹಿಂದಿನ ಕೋಣೆಗೆ ಹೋಗಿ ಡ್ರಮ್ಮಿನ ಮುಚ್ಚಳ ಎತ್ತಿದಳು. ಸಾಸಿವೆ ಉಬ್ಬಿ, ಸಿಪ್ಪೆ ಬಿರಿದು, ಅಂಚಿನವರೆಗೂ ಬಂದಿತ್ತು. ರವಿಕೆಯ ತೋಳು ಮೇಲಕ್ಕೆ ಮಡಚಿ ಮೊಣಕೈ ಮುಳುಗುವಷ್ಟು ಕೈಯಿಳಿಸಿ ತಳದಿಂದ ತಿರುವಿದಳು.

"ಹಾಗಾದ್ರೆ ನಾಳೆ ಎಷ್ಟೊತ್ತಿಗಮ್ಮಾ?" ಬಾಗಿಲಲ್ಲಿ ಅಂಚೆಯಣ್ಣ.

"ಏಳಕ್ಕೆ," ಅಂದಳು ತಿರುಗದೆ. "ಬ್ರೆಡ್ಡು ನೀವೇ ತನ್ನಿ."